ಬ್ಯಾಚ್ ನಂಬರು

ರುವೈಸಿನ ಹ್ಯಾಂಗರಿನಲ್ಲಿ ಬೆಳಗಿನ ಜಾವ ನಾಲ್ಕೂವರೆ.
ಹೊರಗೆ ಮಂಜು. ಬಾಗಿಲ ಬಳಿ ನಿಂತ ಇಂಧನದ ಟ್ಯಾಂಕರನ್ನು
ಅದರ ಡ್ರೈವರನೇ ಕೈಯಾಡಿಸಿ ಹುಡುಕುತ್ತಿದ್ದಾನೆ.
ನನ್ನ ಕೆಲಸ ಒಳಗೆ:
ಬಂದವರ ತಲೆಗೆ ಹೆಲ್ಮೆಟ್ಟು ಕೂರಿಸಿ
ಕಣ್ಣೆದುರಿನ ಗಾಜಿಗೆ ಲೋಕವನ್ನು ಹೊಂದಿಸುವುದು.

ಕ್ಯಾಪ್ಟನ್ ಹಾರಿಬ್: ಕಣ್ಣಿಂದ ಕಣ್ಣಿಗೆ ಅರವತ್ತೆಂಟು ಮಿಲಿಮೀಟರು.
ಸಲಾಮಾಳದು ಐವತ್ತೊಂಬತ್ತು,
ಎಡಗಣ್ಣು ಕೂದಲೆಳೆಯಷ್ಟು ಮೇಲೆ.
ಮಕ್ಕಳೆಷ್ಟು, ಸಾಲವೆಷ್ಟು, ನಾನು ಕೇಳಿದವನಲ್ಲ.
ಇಷ್ಟು ಗೊತ್ತಿದ್ದರೆ
ಒಬ್ಬರನ್ನು ಕಡಲ ಮೇಲೆ ಕಳಿಸಲು ಸಾಕು.

ಹಸಿರು ಗೆರೆ ಕಾಣುತ್ತದೆಯೇ ಎಂದು ಕೇಳುತ್ತೇನೆ.
ಅದೇ ದಿಗಂತ. ಹೊರಗೆ ದಿಗಂತವಿಲ್ಲದ ದಿನ
ಸ್ಟೋರಿನಿಂದ ನಾವು ಕೊಡುವ ದಿಗಂತ.
ಅದರ ಕೆಳಗೆ, ಹಾಲಿನಲ್ಲಿ ಅದ್ದಿ ತೆಗೆದ ಹಾಗೆ ರಿಗ್ಗುಗಳು,
ಕ್ರೇನಿನ ಕೊಕ್ಕು, ಉರಿಯುವ ಕೊಳವೆಯ ನೆತ್ತಿ,
ಇಳಿಯುವ ಕಟ್ಟೆಯ ನಡುವೆ ದೊಡ್ಡದೊಂದು ಎಚ್.

ನಾನು ಹಾಕಿಕೊಂಡರೆ ಗೆರೆ ಎರಡಾಗುತ್ತದೆ.
ನನ್ನದು ಮೆಳ್ಳಗಣ್ಣು.
'ಮೆಳ್ಳಗಣ್ಣ ಭುಜಂಗ ಊರಿನ ಕಣ್ಣು ನೆಟ್ಟಗೆ ಮಾಡ್ತಾನೆ' ಎಂದು
ಕ್ಯಾಂಟೀನಿನ ಮೊಯ್ದಿನಬ್ಬ ನಕ್ಕು
ಪರೋಟದ ಮೇಲೆ ಇನ್ನೊಂದು ಪರೋಟ ಇಡುತ್ತಾನೆ.

ಹೋದ ಮಂಗಳವಾರ
ಹನ್ನೊಂದು ಜನರನ್ನು ಪಾಳಿಗೆ ಒಯ್ಯುತ್ತಿದ್ದ ಹಾರಿಬ್
ಎದುರಿಗೇ ಏಳನೇ ರಿಗ್ಗು ನಿಂತದ್ದು ಕಂಡ.
ಕೆಂಪು ತ್ರಿಕೋನ ಮಿಟುಕಿತು. ತಟ್ಟನೆ ಹೊರಳಿಸಿದ.
ಹನ್ನೊಂದು ಹೊಟ್ಟೆಗಳ ನಾಷ್ಟಾ ಒಂದೇ ಕಡೆ ಸರಿಯಿತು.

ಅಲ್ಲಿ ಏನೂ ಇರಲಿಲ್ಲ.
ಏಳನೆಯದನ್ನು ಕಳೆದ ತಿಂಗಳೇ ಕಡಿದು
ಬಾರ್ಜಿನ ಮೇಲೆ ಹೇರಿ ಕಳಿಸಿದ್ದರು.
ಮೀನಿಗೆ ಗೊತ್ತಿತ್ತು, ಗುಜರಿಯವನಿಗೆ ಗೊತ್ತಿತ್ತು,
ನಮ್ಮ ಪಟ್ಟಿಗೆ ಯಾರೂ ಹೇಳಿರಲಿಲ್ಲ.

ಹೊರಳಿದಾಗ ಮಂಜು ಒಂದು ಕಡೆ ಹರಿದು
ಕೆಳಗೆ, ತೀರ ಕೆಳಗೇನಲ್ಲ, ಮರದ ದೋಣಿ.
ಅಂಚಿನಲ್ಲಿ ಕುಕ್ಕುರುಗಾಲಲ್ಲಿ ಕೂತವನೊಬ್ಬ
ಪಾತ್ರೆ ತೊಳೆಯುತ್ತ ತಲೆಯೆತ್ತಿದ.
'ಬೂಜಾ, ಅವನು ನನ್ನ ಗಾಜಿನಲ್ಲಿ ಇರಲಿಲ್ಲ'
ಎಂದ ಹಾರಿಬ್, ಹೆಲ್ಮೆಟ್ಟು ಮೇಜಿನ ಮೇಲಿಟ್ಟು,
ಬಹಳ ಹೊತ್ತಿನ ಮೇಲೆ.

ವರದಿಯ ಹಾಳೆಯಲ್ಲಿ ಎರಡೇ ಮನೆ.
ಇಲ್ಲದ್ದು ಕಂಡಿತೇ? ಒಂದು, ಎಂದು ಬರೆದೆ.
ಇದ್ದದ್ದು ಕಾಣಲಿಲ್ಲವೇ?
ಒಂದು.

ರಿಗ್ಗು ಅಳಿಸಲು ಮೂರು ಸಹಿ, ಒಂದು ಗುಂಡಿ.
ಹಾರಿಬ್ ನನ್ನ ಹಿಂದೆಯೇ ನಿಂತಿದ್ದ.
'ಒಂಬತ್ತು ವರ್ಷ ಅದರ ಮೇಲೆ ಇಳಿದಿದ್ದೇನೆ,
ಅಲ್ಲಿಯ ಚಹಾಕ್ಕೆ ಕೇಸರಿ ಹಾಕುತ್ತಿದ್ದರು.'
ಗುಂಡಿ ಒತ್ತಿದೆ. ಹೋಯಿತು.

ಪಾತ್ರೆ ತೊಳೆಯುವವನನ್ನು ಸೇರಿಸಹೋದೆ.
ಚಿಹ್ನೆಗಳ ಪೆಟ್ಟಿಗೆಯಲ್ಲಿ
ಗೋಪುರವಿದೆ, ತಂತಿಯಿದೆ, ಹಡಗಿದೆ, ಹಕ್ಕಿಯ ಹಿಂಡೂ ಇದೆ.
ಅವನಿಗೆ ಹೊಂದುವಂಥದ್ದು ಸಿಗಲಿಲ್ಲ.
ಸಿಕ್ಕಿದ್ದರೂ ಎಲ್ಲಿ ಇಡಲಿ? ಇವತ್ತು ಅವನು
ಎಲ್ಲಿ ಬಲೆ ಬಿಟ್ಟಿದ್ದಾನೋ.

ಆ ರಾತ್ರಿ ಪಾಳಿ ಮುಗಿಯುವ ಮುಂಚೆ
ಒಂಬತ್ತೂ ಹೆಲ್ಮೆಟ್ಟುಗಳ ಒಳಅಂಚಿಗೆ ಬಿಳಿ ಟೇಪು ಅಂಟಿಸಿ
ಸಣ್ಣ ಬ್ರಷ್ಷಿನಲ್ಲಿ ಒಂದು ಸಾಲು ಬರೆದೆ:
ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು.

ಈಗ ಸಲಾಮಾ ಹೆಲ್ಮೆಟ್ಟು ತಿರುಗಿಸಿ ನೋಡುತ್ತಾಳೆ,
ಉರುಟುರುಟು ಅಕ್ಷರ, ಅರಬ್ಬಿಯಲ್ಲ, ಇಂಗ್ಲಿಷಲ್ಲ.
'ಇದೇನು?'
ಬ್ಯಾಚ್ ನಂಬರು, ಅಂದೆ.
ತಲೆಗೆ ಹಾಕಿ, ಗಾಜು ಇಳಿಸುವ ಮೊದಲು
ಬರಿಗಣ್ಣಲ್ಲಿ ಒಮ್ಮೆ
ಬಾಗಿಲಾಚೆಯ ಬಿಳಿಯನ್ನು ನೋಡಿದಳು.
ಟ್ಯಾಂಕರಿನ ಡ್ರೈವರು ಅಷ್ಟರಲ್ಲಿ
ಅದರ ಬಾಗಿಲಿನ ಹಿಡಿ ಹುಡುಕಿಕೊಂಡಿದ್ದ.